ದೊಡ್ಡಣ್ಣನವರ ದನಿಯನ್ನು ಸಿನಿಮಾ ಏನು ಮಾಡಿತು?

ಆಫೀಸಿನಲ್ಲಿ ಯಾರಾದರೂ ‘ಪ್ಯಾಶನ್’ ಅಂತ ಶುರು ಮಾಡಿದರೆ, ಭದ್ರಾವತಿ ಕಡೆಯ ಹಳ್ಳಿಯವನಾದ ನನಗೆ ದೊಡ್ಡಣ್ಣ ನೆನಪಾಗ್ತಾರೆ. ಅರಸೀಕೆರೆಯಲ್ಲಿ ಹುಟ್ಟಿ, ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡ್ತಾ, ನಾಟಕ ಆಡ್ತಾ, 1980ರ ದಶಕದಲ್ಲಿ ಸಿನಿಮಾಕ್ಕೆ ಬಂದವರು. ‘ನೌಕರಿ ಬಿಟ್ಟು ಕನಸಿನ ಹಿಂದೆ ಹೋದರು’ ಅಂತ ಲಿಂಕ್ಡ್‌ಇನ್‌ನಲ್ಲಿ ಹಾಕೋಕೆ ಹೇಳಿ ಮಾಡಿಸಿದ ಕಥೆ. ಆದರೆ ಈ ಕಥೆಯಲ್ಲಿ ಕಾರ್ಖಾನೆ ಅನ್ನೋದು ಬಿಟ್ಟು ಬಂದ ಜಾಗ ಅಷ್ಟೇ ಆಗಿಬಿಡುತ್ತೆ. ನನ್ನ ತಕರಾರು ಅಲ್ಲೇ ಇರೋದು. ಶಿಫ್ಟ್ ಮುಗಿದರೆ ಮುಗೀತು, ಲ್ಯಾಪ್‌ಟಾಪು ಮನೆಗೆ ಬರ್ತಿರಲಿಲ್ಲ. ತಿಂಗಳ ಸಂಬಳ ಕೈಗೆ ಬರೋದು. ಅಂಥ ಊರಲ್ಲಿ ಸಂಜೆ ಹೊತ್ತು ಬಣ್ಣ ಹಚ್ಚೋದು ಸಾಹಸವೇನಲ್ಲ, ಬದುಕಿನ ಒಂದು ಭಾಗ.

ರಂಗದಿಂದ ಅವರು ತಂದದ್ದು ಕೊನೇ ಸಾಲಿಗೂ ಮುಟ್ಟುವ ದನಿ. ಸಿನಿಮಾದವರು ಅದರಲ್ಲಿ ತಗೊಂಡದ್ದು ವಾಲ್ಯೂಮ್ ಮಾತ್ರ. ಅಬ್ಬರಿಸುವ ಸಾಹುಕಾರ, ಅಬ್ಬರಿಸುವ ರಾಜಕಾರಣಿ, ಅಬ್ಬರಿಸುವ ನಾಯಕಿಯ ಅಪ್ಪ. ಖಳನಾಗಿ ಅಬ್ಬರಿಸಿದ್ದನ್ನೇ ಆಮೇಲೆ ಕಾಮಿಡಿಗೂ ಬಳಸಿದರು. ನೂರಾರು ಚಿತ್ರ ಆದವು, ಪಾತ್ರಗಳು ಅಷ್ಟಾಗಲಿಲ್ಲ. ಒಂದು ಕೋಡ್ ವರ್ಕ್ ಆಯ್ತು ಅಂದ್ರೆ ನಾವು ಎಲ್ಲಾ ಕಡೆ ಕಾಪಿ-ಪೇಸ್ಟ್ ಮಾಡ್ತೀವಲ್ಲ, ಹಾಗೆ.

ಹಾಗಂತ ಅವರನ್ನ ‘ಕಿರುಚೋ ನಟ’ ಅನ್ನೋದು ಸೋಮಾರಿತನದ ವಿಮರ್ಶೆ. 2012ರ ‘ಕಠಾರಿವೀರ ಸುರಸುಂದರಾಂಗಿ’ಯಲ್ಲಿ ಅವರು ಚಿತ್ರಗುಪ್ತ, ಅಂಬರೀಶ್ ಯಮ. ತ್ರೀಡಿ ಗದ್ದಲದ ಸಿನಿಮಾ, ಅದು ಬಿಡಿ. ಆದರೆ ಪಕ್ಕದಲ್ಲಿ ಬಾಸ್ ಇರುವ ಪಾತ್ರ ಸಿಕ್ಕರೆ ಈ ದೊಡ್ಡ ದೇಹಕ್ಕೆ ಬೇರೆಯದೇ ಆಟ ಬರುತ್ತೆ: ಏರಿದ ದನಿಯನ್ನ ತಟ್ಟನೆ ಇಳಿಸಿ ನುಂಗಿಕೊಳ್ಳೋದು. ನನಗೆ ನಗು ಬರೋದು ಅಬ್ಬರಕ್ಕಲ್ಲ, ಆ ಇಳಿತಕ್ಕೆ. ಮೇಲಿನವರ ಮುಂದೆ ತಗ್ಗಿ, ಕೆಳಗಿನವರ ಮೇಲೆ ಏರೋದು ಕೆಲಸಕ್ಕೆ ಹೋಗೋ ಯಾರಿಗೆ ಗೊತ್ತಿಲ್ಲ? ನಮ್ಮ ಅಪ್ರೈಸಲ್ ಮೀಟಿಂಗ್ ನೋಡಿದವರಿಗಂತೂ ವಿವರಿಸಬೇಕಿಲ್ಲ. ಅದನ್ನೇ ಹಿಡಿದು ಪೂರ್ತಿ ಎರಡು ಗಂಟೆಯ ಪಾತ್ರ ಬರೆಯುವ ನಿರ್ದೇಶಕರು ಅವರಿಗೆ ಸಾಕಷ್ಟು ಸಿಗಲಿಲ್ಲ ಅನ್ನೋದು ನನ್ನ ಸಂಕಟ.

ಈಗ ಊರಿನ ಸ್ಥಿತಿ ನೋಡಿ. ವಿಶ್ವೇಶ್ವರಯ್ಯನವರ ಹೆಸರಿನ ಆ ಕಾರ್ಖಾನೆಯನ್ನ ಮುಚ್ಚೋಕೆ ಸೈಲ್ 2023ರ ಜನವರಿಯಲ್ಲಿ ತೀರ್ಮಾನಿಸಿದಾಗ ಕಾರ್ಮಿಕರು ಬೀದಿಗಿಳಿದರು. ಪಕ್ಕದ ಕಾಗದ ಕಾರ್ಖಾನೆ ಅದಕ್ಕೂ ಮೊದಲೇ ನಿಂತಿತ್ತು. ಶಿವಮೊಗ್ಗದಲ್ಲಿ ರಂಗಾಯಣ ಇದೆ, ಸಂಬಳ ಕೊಟ್ಟು ಕಲಾವಿದರನ್ನ ಇಟ್ಟುಕೊಂಡಿದೆ, ಒಳ್ಳೇದೇ. ಆದರೆ ಅಲ್ಲಿಗೆ ಆಯ್ಕೆಯಾಗೋದು ಕೆಲವೇ ಜನ. ಹಗಲು ಕಬ್ಬಿಣದ ಕೆಲಸ, ಸಂಜೆ ನಾಟಕ ಅನ್ನುವವನಿಗೆ ಭದ್ರಾವತಿಯಲ್ಲಿ ಈಗ ಹಗಲಿನ ಕೆಲಸ ಸಿಗೋದೇ ಕಷ್ಟ. ಅವನು ಬೆಂಗಳೂರಿನ ಬಸ್ ಹತ್ತಿದ್ದಾನೆ, ಸಂಜೆ ಅನ್ನೋದು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಳೀತಿದೆ.

ಟೀವಿಯಲ್ಲಿ ದೊಡ್ಡಣ್ಣನವರ ಹಳೇ ಸಿನಿಮಾ ಬಂದರೆ ಒಂದೈದು ನಿಮಿಷ ಮ್ಯೂಟ್ ಮಾಡಿ ನೋಡಿ. ಎದುರಿನವನ ಮಾತು ಮುಗಿಯೋ ಮೊದಲೇ ಉತ್ತರ ಆ ಕಣ್ಣಿಗೆ ಬಂದಿರುತ್ತೆ.