ಅರ್ಧಕ್ಕರ್ಧ ಸೀಳಿ ಹುಡುಕುವ ವಿದ್ಯೆ: ಲಿನಕ್ಸ್ ಕರ್ನಲ್ ಪರೀಕ್ಷೆಯ ಬಲ ಮತ್ತು ಮಿತಿ

ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಕ್ಕೊಮ್ಮೆ ಬರುತ್ತದೆ. ಮೊದಲ ಎರಡು ವಾರ ಹೊಸ ಕೋಡ್ ಸೇರಿಸಿಕೊಳ್ಳುವ ಕಾಲ. ಆಮೇಲೆ ಆರ್‌ಸಿ1, ಆರ್‌ಸಿ2 ಎಂದು ವಾರಕ್ಕೊಂದರಂತೆ ಪರೀಕ್ಷಾ ಆವೃತ್ತಿಗಳು. ಒಂದೊಂದು ಸುತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳು ಸೇರುತ್ತವೆ. ಇವನ್ನೆಲ್ಲ ಎಲ್ಲ ಬಗೆಯ ಯಂತ್ರಗಳ ಮೇಲೂ ಓಡಿಸಿ ನೋಡುವ ಪ್ರಯೋಗಶಾಲೆ ಎಲ್ಲೂ ಇಲ್ಲ. ಆದ್ದರಿಂದ ಈ ಕೆಲಸದ ದೊಡ್ಡ ಪಾಲು ತಮ್ಮದೇ ಕಂಪ್ಯೂಟರಿನಲ್ಲಿ ಆರ್‌ಸಿ ಹಾಕಿಕೊಂಡು ನೋಡುವ ಸ್ವಯಂಸೇವಕರ ಮೇಲೆ ಬೀಳುತ್ತದೆ. ಅವರ ಕೈಯಲ್ಲಿರುವ ಮುಖ್ಯ ಸಾಧನ, ಕೆಡಿಸಿದ ಬದಲಾವಣೆಯನ್ನು ಅರ್ಧಕ್ಕರ್ಧ ಸೀಳುತ್ತ ಹುಡುಕುವ ಗಿಟ್ ಬೈಸೆಕ್ಟ್. ಬೂಟ್ ಆಗದೆ ನಿಂತ ಕರ್ನಲ್, ಡಿಸ್ಕ್ ಕೆಡಿಸಿದ ಕರ್ನಲ್ ಇವೆರಡನ್ನೂ ಎದುರಿಗಿಟ್ಟುಕೊಂಡು ನೋಡಿದರೆ ಈ ಸಾಧನದ ಬೆಲೆ ಏನೆಂದು ತಿಳಿಯುತ್ತದೆ.

ಮೊದಲು ಬೂಟ್ ವಿಷಯ. ಹೊಸ ಕರ್ನಲ್ ಕಟ್ಟಿದವರೆಲ್ಲ ಒಮ್ಮೆಯಾದರೂ ಕಾಣುವ ಸಾಲು ಇದು: 'ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್ (0,0)'. ನೋಡಿದ ತಕ್ಷಣ ಡಿಸ್ಕ್ ಹೋಯಿತು ಎಂದು ಗಾಬರಿಯಾಗುವುದು ಸಹಜ. ಆದರೆ 0,0 ಎಂದರೆ ಕರ್ನಲ್‌ಗೆ ಅಂಥ ಸಾಧನವೇ ಸಿಕ್ಕಿಲ್ಲ ಎಂದಷ್ಟೇ ಅರ್ಥ. ಅದರ ಮೇಲಿನ ಸಾಲುಗಳಲ್ಲಿ ತನಗೆ ಕಂಡ ಪಾರ್ಟಿಶನ್‌ಗಳ ಪಟ್ಟಿಯನ್ನು ಕರ್ನಲ್ ಕೊಟ್ಟಿರುತ್ತದೆ. ಪಟ್ಟಿ ಖಾಲಿ ಇದ್ದರೆ ಡಿಸ್ಕ್ ಓದುವ ಎನ್‌ವಿಎಂಇ ಅಥವಾ ಎಎಚ್‌ಸಿಐ ಡ್ರೈವರ್ ಕರ್ನಲ್‌ನೊಳಗೆ ಸೇರದೆ ಪ್ರತ್ಯೇಕ ಮಾಡ್ಯೂಲ್ ಆಗಿ ಉಳಿದು, ಅದನ್ನು ಹೊತ್ತು ತರಬೇಕಾದ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆರಂಭದ ತಾತ್ಕಾಲಿಕ ಫೈಲ್ ಸಿಸ್ಟಮ್) ಬಂದಿಲ್ಲ ಎಂದು ಊಹಿಸಬಹುದು. ಪಟ್ಟಿಯಲ್ಲಿ ಡಿಸ್ಕ್ ಇದ್ದರೆ ಬೂಟ್‌ಲೋಡರ್‌ನಲ್ಲಿ ಕೊಟ್ಟ ರೂಟ್ ಹೆಸರು ತಪ್ಪಿರಬೇಕು. ಸೊನ್ನೆಗಳ ಬದಲು 8,1ರಂಥ ಅಂಕಿಗಳಿದ್ದರೆ ಡಿಸ್ಕ್ ಸಿಕ್ಕಿದೆ, ಫೈಲ್ ಸಿಸ್ಟಮ್‌ನ ಕೋಡ್ ಸೇರಿಲ್ಲದಿರಬಹುದು. ಈ ಸಾಲುಗಳನ್ನು ತಾಳ್ಮೆಯಿಂದ ಓದಿದರೆ ಅರ್ಧ ಕೆಲಸ ಮುಗಿಯಿತು.

ಸಂರಚನೆಯೆಲ್ಲ ಸರಿಯಿದ್ದೂ ಕರ್ನಲ್ ಬೀಳುತ್ತಿದ್ದರೆ ಆಗ ಬೈಸೆಕ್ಟ್‌ನ ಸರದಿ. ನಿಘಂಟನ್ನು ನಡುವೆ ತೆರೆದು ಪದ ಹುಡುಕುವ ಹಾಗೆ ಇದರ ಕ್ರಮ. ಸರಿಯಿದ್ದ ಆವೃತ್ತಿ ಒಂದು ತುದಿ, ಕೆಟ್ಟದ್ದು ಇನ್ನೊಂದು ತುದಿ. ನಡುವಿನ ಕಮಿಟ್ (ದಾಖಲಾದ ಒಂದು ಬದಲಾವಣೆ) ಕಟ್ಟಿ ಬೂಟ್ ಮಾಡಿ 'ಗುಡ್' ಅಥವಾ 'ಬ್ಯಾಡ್' ಎಂದು ಹೇಳಬೇಕು. ಹದಿನಾರು ಸಾವಿರ ಬದಲಾವಣೆಗಳಿದ್ದರೂ ಹದಿನಾಲ್ಕು ಸುತ್ತಿನಲ್ಲಿ ತಪ್ಪು ಮಾಡಿದ ಒಂದೇ ಒಂದು ಕಮಿಟ್ ಕೈಗೆ ಸಿಗುತ್ತದೆ. ಮೊದಲು ಕೆಲಸ ಮಾಡುತ್ತಿದ್ದದ್ದನ್ನು ಕೆಡಿಸಿದ ಬದಲಾವಣೆಯನ್ನು ಸರಿಪಡಿಸಬೇಕು, ಇಲ್ಲವೇ ಹಿಂದೆಗೆಯಬೇಕು ಎಂಬುದು ಲಿನಕ್ಸ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ ಬಿಗಿಯಾಗಿ ಹಿಡಿದುಕೊಂಡು ಬಂದ ನಿಯಮ. ಇವೆರಡೂ ಸೇರಿದಾಗ ಸಿ ಭಾಷೆಯ ಒಂದು ಸಾಲೂ ಬರೆಯದ ವಿದ್ಯಾರ್ಥಿಯ ಮಾತಿಗೆ ದೊಡ್ಡ ಕಂಪನಿಯ ಎಂಜಿನಿಯರ್ ಉತ್ತರ ಕೊಡಲೇಬೇಕಾಗುತ್ತದೆ. ತಂತ್ರಾಂಶದ ಲೋಕದಲ್ಲಿ ಇಷ್ಟು ಪ್ರಜಾಸತ್ತಾತ್ಮಕವಾದ ಪದ್ಧತಿಗಳು ವಿರಳ. ಬೂಟ್ ಕ್ರ್ಯಾಶ್‌ಗಳ ಮಟ್ಟಿಗೆ ಇದಕ್ಕೆ ನನ್ನ ಪೂರ್ಣ ಮೆಚ್ಚುಗೆ ಇದೆ.

ಡಿಸ್ಕ್ ವಿಷಯಕ್ಕೆ ಬಂದರೆ ಇದೇ ಪದ್ಧತಿ ತಡವರಿಸುತ್ತದೆ. 2018ರ ಅಕ್ಟೋಬರಿನಲ್ಲಿ ಬಂದ 4.19 ಆವೃತ್ತಿ ಇದಕ್ಕೆ ಸಾಕ್ಷಿ. ಎಂಟು ಆರ್‌ಸಿಗಳನ್ನು ದಾಟಿ ಬಿಡುಗಡೆಯಾದ ಆ ಕರ್ನಲ್ ಕೆಲವರ ಫೈಲ್‌ಗಳನ್ನು ಸದ್ದಿಲ್ಲದೆ ಕೆಡಿಸತೊಡಗಿತು. ಕೆಟ್ಟದ್ದು ಇಎಕ್ಸ್‌ಟಿ4 ಫೈಲ್‌ಗಳಾದ್ದರಿಂದ ಸಂಶಯ ಮೊದಲು ಆ ಫೈಲ್ ಸಿಸ್ಟಮ್ ಮೇಲೆ ಹೋಯಿತು. ನಿಜವಾದ ದೋಷ ಅದರ ಕೆಳಗಿನ ಬ್ಲಾಕ್ ಪದರದಲ್ಲಿತ್ತು. ಓದು-ಬರಹದ ಬೇಡಿಕೆಗಳ ಸರದಿ ನಿಗದಿಪಡಿಸುವ ಐಓ ಶೆಡ್ಯೂಲರ್ ಇಲ್ಲದ ಕಡೆ ಬೇಡಿಕೆಯನ್ನು ನೇರವಾಗಿ ಸಾಧನಕ್ಕೆ ಕಳಿಸಲಾಗುತ್ತಿತ್ತು. ಸಾಧನ ಬಿಡುವಿಲ್ಲ ಎಂದರೆ ಬೇಡಿಕೆ ಸರದಿಗೆ ಮರಳುತ್ತಿತ್ತು. ಅಷ್ಟರಲ್ಲಿ ಡಿಸ್ಕ್‌ನೊಡನೆ ವ್ಯವಹರಿಸುವ ಸ್ಕಸಿ ಪದರ ಅದಕ್ಕೆ ಬೇಕಾದ ಕೋಷ್ಟಕಗಳನ್ನು ಸಿದ್ಧಮಾಡಿ ಇಟ್ಟಿರುತ್ತಿತ್ತು. ಸರದಿಯಲ್ಲಿ ಆ ಬೇಡಿಕೆಗೆ ಇನ್ನೊಂದು ಬೇಡಿಕೆ ಜೋಡಿಸಿಕೊಂಡರೆ ಹಳೆಯ ಭಾಗ ಮಾತ್ರ ಡಿಸ್ಕ್ ತಲುಪಿ, ಹೊಸದು ಬಿಟ್ಟುಹೋಗುತ್ತಿತ್ತು. ಬ್ಲಾಕ್ ಪದರದ ನಿರ್ವಾಹಕ ಯೆನ್ಸ್ ಆಕ್ಸ್‌ಬೋ ಅವರ ತಿದ್ದುಪಡಿ ಡಿಸೆಂಬರಿನಲ್ಲಿ 4.19.8ರೊಂದಿಗೆ ಬಂತು.

ಇಂಥ ದೋಷ ತಾನಿದ್ದೇನೆಂದು ಹೇಳಿಕೊಳ್ಳುವುದಿಲ್ಲ. ಒತ್ತಡ ಇದ್ದಾಗ ಮಾತ್ರ ಕಾಣಿಸುವ ದೋಷವನ್ನು ಹತ್ತು ನಿಮಿಷ ಓಡಿಸಿ 'ಗುಡ್' ಎಂದರೆ, ಉಳಿದ ಸುತ್ತುಗಳೆಲ್ಲ ತಪ್ಪು ದಾರಿಯಲ್ಲೇ ಸಾಗುತ್ತವೆ. ಇನ್ನೂ ಕೆಟ್ಟದ್ದೆಂದರೆ ಹಿಂದಿನ ಸುತ್ತಿನ ಕೆಟ್ಟ ಕರ್ನಲ್ ಮಾಡಿಟ್ಟ ಹಾನಿ ಮುಂದಿನ ಸುತ್ತಿನ ಒಳ್ಳೆಯ ಕರ್ನಲ್‌ನ ತಲೆಗೆ ಬರುತ್ತದೆ. ಬೂಟ್ ಕ್ರ್ಯಾಶ್‌ನಲ್ಲಿ ಪ್ರತಿ ಸುತ್ತೂ ಹೊಸದಾಗಿ ಆರಂಭವಾಗುತ್ತದೆ, ಡಿಸ್ಕ್‌ನಲ್ಲಿ ಹಾಗಲ್ಲ. ಬೈಸೆಕ್ಟ್ ನಂಬಿ ನಿಂತಿರುವ ಆಧಾರವೇ ಇಲ್ಲಿ ಕುಸಿಯುತ್ತದೆ.

2021ರ 5.12-ಆರ್‌ಸಿ1 ಪ್ರಸಂಗ ಈ ಮಿತಿಯನ್ನು ಇನ್ನಷ್ಟು ಬಯಲು ಮಾಡಿತು. ಮೆಮೊರಿ ಸಾಲದಾಗ ಬಳಸುವ ಸ್ವಾಪ್ ಫೈಲ್ ಡಿಸ್ಕ್‌ನಲ್ಲಿ ಎಲ್ಲಿದೆ ಎಂಬುದನ್ನೇ ಮರೆತ ಕರ್ನಲ್ ಪಾರ್ಟಿಶನ್‌ನ ಆರಂಭದಿಂದ ಬರೆದು ಫೈಲ್ ಸಿಸ್ಟಮ್ಮನ್ನೇ ಅಳಿಸಿಹಾಕುತ್ತಿತ್ತು. ಸ್ವಾಪ್‌ಗೆ ಪ್ರತ್ಯೇಕ ಪಾರ್ಟಿಶನ್ ಇಟ್ಟವರಿಗೆ ಏನೂ ಆಗಲಿಲ್ಲ, ಆದ್ದರಿಂದ ಹಲವರ ಪರೀಕ್ಷೆಯಲ್ಲಿ ಅದು ಪಾಸಾಗಿತ್ತು. ಟೋರ್ವಾಲ್ಡ್ಸ್ ಗಿಟ್‌ನಲ್ಲಿ ಆ ಆವೃತ್ತಿಯ ಗುರುತಿನ (ಟ್ಯಾಗ್) ಹೆಸರನ್ನೇ 'ಡೋಂಟ್‌ಯೂಸ್' ಎಂದು ಬದಲಿಸಿ, ಆರ್‌ಸಿ2 ಬೇಗನೆ ಬಿಟ್ಟರು. ಆ ಬಿಂದುವಿನ ಮೇಲೆ ಹೊಸ ಕೆಲಸ ಕಟ್ಟಬೇಡಿ ಎಂದೂ ಕೇಳಿಕೊಂಡರು. ಮುಂದೆಂದೋ ಬೇರೆ ದೋಷ ಹುಡುಕುತ್ತ ಬೈಸೆಕ್ಟ್ ಮಾಡುವವರನ್ನು ಅದು ಇದೇ ಗುಂಡಿಗೆ ಇಳಿಸಬಾರದು ಎಂಬ ಕಾಳಜಿ ಅದರ ಹಿಂದಿತ್ತು. ತಪ್ಪನ್ನು ಮುಚ್ಚಿಡದೆ ಎಲ್ಲರಿಗೂ ಕಾಣುವಂತೆ ಬರೆದಿಟ್ಟ ಈ ನಡೆ ಅನುಕರಣೀಯ.

ಎಲ್ಲ ಡಿಸ್ಕ್ ದೋಷವೂ ಕರ್ನಲ್‌ನದಲ್ಲ ಎಂಬುದನ್ನೂ ಹೇಳಬೇಕು. ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೆಜ್‌ನಲ್ಲಿ 'ಯುಎನ್‌ಸಿ' ಕಂಡರೆ ಡಿಸ್ಕ್‌ನ ಮೇಲ್ಮೈಯೇ ಕೆಟ್ಟಿರಬಹುದು. 'ಐಸಿಆರ್‌ಸಿ' ಕಂಡರೆ ಮೊದಲು ಸಾಟಾ ಕೇಬಲ್ ಬದಲಿಸಿ ನೋಡಬೇಕು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಸ್ಮಾರ್ಟ್ ಪಟ್ಟಿಯಲ್ಲಿ 197 ಸಂಖ್ಯೆಯ ಸಾಲು, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಎಣಿಕೆ, ಏರುತ್ತಿದ್ದರೆ ಬೈಸೆಕ್ಟ್ ಮಾಡುವುದು ವ್ಯರ್ಥ ಶ್ರಮ.

ನನ್ನ ತೀರ್ಮಾನ ಇಷ್ಟು. ಕಣ್ಣಿಗೆ ಕಾಣುವ, ಮತ್ತೆ ಮತ್ತೆ ಮರುಕಳಿಸುವ ದೋಷಕ್ಕೆ ಬೈಸೆಕ್ಟ್‌ಗಿಂತ ಒಳ್ಳೆಯ ದಾರಿ ಇಲ್ಲ. ದತ್ತಾಂಶ ಕೆಡಿಸುವ ದೋಷಕ್ಕೆ ಅದೊಂದೇ ಸಾಲದು. ಅಪಾಯವನ್ನೆಲ್ಲ ಸ್ವಯಂಸೇವಕರ ಡಿಸ್ಕ್ ಮೇಲೆ ಹೊರಿಸಿ ನಡೆಯುವ ಪರೀಕ್ಷೆ ನ್ಯಾಯವೂ ಅಲ್ಲ. ಆರ್‌ಸಿ ಕರ್ನಲ್ ಪರೀಕ್ಷಿಸುವ ಗೆಳೆಯರು ದಯವಿಟ್ಟು ಕ್ಯೂಇಎಂಯು ವರ್ಚುವಲ್ ಯಂತ್ರದಲ್ಲಾಗಲಿ ಬೇರೆ ಡಿಸ್ಕ್‌ನಲ್ಲಾಗಲಿ ಮಾಡಿ, ಬ್ಯಾಕಪ್ ಇಟ್ಟುಕೊಳ್ಳಿ, ಪ್ರತಿ ಸುತ್ತಿಗೂ ಡಿಸ್ಕ್ ಇಮೇಜಿನ ಹೊಸ ಪ್ರತಿ ಬಳಸಿ, ಒತ್ತಡ ಹಾಕಿ ನೋಡದೆ 'ಗುಡ್' ಎನ್ನಬೇಡಿ.