ಎಚ್ಚರವಿರುವವನನ್ನೇ ಎಬ್ಬಿಸುವ ಕೂಗು

‘ಜಾಗೋ ಗ್ರಾಹಕ್ ಜಾಗೋ’ ಎಂಬ ಕೂಗು ಶುರುವಾದದ್ದು 2005ರಲ್ಲಿ. ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ಅದನ್ನು ರೇಡಿಯೋ, ಟಿ.ವಿ., ಪತ್ರಿಕೆಗಳಲ್ಲೆಲ್ಲ ಹರಡಿತು. ಐಎಸ್‌ಐ ಗುರುತು ನೋಡಿ, ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ನೋಡಿ, ಎಂಆರ್‌ಪಿಗಿಂತ ಹೆಚ್ಚು ಕೊಡಬೇಡಿ, ಬಿಲ್ಲು ಕೇಳಿ ಪಡೆಯಿರಿ ಎಂದು ಅದು ಹೇಳುತ್ತಾ ಬಂದಿದೆ. ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕಥೆ, ನಾಟಕಗಳನ್ನು ಓದುವ ಹಾಗೆ ಜಾಹೀರಾತನ್ನೂ ಓದಬೇಕಾಗುತ್ತದೆ. ಇದರಲ್ಲಿ ತಪ್ಪಿತಸ್ಥ ಯಾರು? ಮೋಸ ಮಾಡಿದವನು ಇಲ್ಲಿ ಬಹುತೇಕ ಮರೆಯಲ್ಲೇ ಇರುತ್ತಾನೆ. ಎದುರಿಗೆ ನಿಲ್ಲಿಸಿರುವುದು ಮೋಸ ಹೋದವನನ್ನು. ಅವನ ಅಪರಾಧವೆಂದರೆ ನಿದ್ದೆ!

ಈ ಕೂಗನ್ನು ಅಳವಂಡಿಯಂಥ ಊರಿನಲ್ಲಿ ನಿಂತು ಕೇಳಿಸಿಕೊಂಡರೆ ಅದರ ಪೊಳ್ಳು ತಿಳಿಯುತ್ತದೆ. ಅಳವಂಡಿ ಕೊಪ್ಪಳ ತಾಲೂಕಿನ ಒಂದು ಹೋಬಳಿ ಕೇಂದ್ರ. ಸುತ್ತ ಎರೆ ಹೊಲಗಳು. ಮೊದಲ ಲೋಕಸಭೆಗೆ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದು ಹೋದ ಶಿವಮೂರ್ತಿಸ್ವಾಮಿ ಅಳವಂಡಿಯವರ ಊರು. ದೊಡ್ಡವರ ಮುಂದೆ ಒಬ್ಬಂಟಿಯಾಗಿ ನಿಲ್ಲುವುದು ಈ ನೆಲಕ್ಕೆ ಹೊಸತಲ್ಲ. ಯಾವ ಅಂಗಡಿಯ ತಕ್ಕಡಿ ಹೇಗೆ ತೂಗುತ್ತದೆ, ಯಾವ ಬೀಜದ ಪಾಕೀಟು ಕಳೆದ ಸಲ ಕೈಕೊಟ್ಟಿತು ಎಂಬುದು ಇಂಥ ಊರುಗಳ ಹೆಂಗಸರಿಗೂ ರೈತರಿಗೂ ಚೆನ್ನಾಗಿಯೇ ಗೊತ್ತಿರುತ್ತದೆ. ಅವರಿಗೆ ನಿದ್ದೆ ಹತ್ತಿಲ್ಲ. ಗೊತ್ತಿದ್ದೂ ಏನು ಮಾಡಬೇಕು, ಯಾರನ್ನು ಜೊತೆಗೆ ಕರೆದುಕೊಂಡು ಹೋಗಬೇಕು ಎಂಬುದೇ ಅವರ ಸಮಸ್ಯೆ.

ಬೀಜದ ಮಾತನ್ನೇ ತೆಗೆದುಕೊಳ್ಳೋಣ. ಬಿಲ್ಲು ಇದೆ, ಪಾಕೀಟಿನ ಮೇಲೆ ಮುದ್ರೆಯಿದೆ, ಆದರೆ ಬಿತ್ತಿದ್ದು ಮೊಳೆಯಲಿಲ್ಲ. ಬಳಕೆದಾರರ ನ್ಯಾಯಾಲಯಕ್ಕೆ ಹೋದರೆ ಕಂಪನಿಯ ವಕೀಲ ಕೇಳುವ ಮೊದಲ ಪ್ರಶ್ನೆ: ಬೀಜದಲ್ಲಿ ದೋಷವಿತ್ತೆಂಬುದಕ್ಕೆ ಪ್ರಯೋಗಾಲಯದ ವರದಿ ಎಲ್ಲಿದೆ? ತಂದ ಬೀಜವನ್ನೆಲ್ಲ ಮಣ್ಣಿಗೆ ಹಾಕಿದ ರೈತ ಪರೀಕ್ಷೆಗೆ ಏನನ್ನು ಕೊಡಬೇಕು? ಆಂಧ್ರಪ್ರದೇಶದ ರೈತರು ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಎದುರಿಸಿದರು. ಎದುರಾಳಿ ಯಾವುದೋ ಅನಾಮಧೇಯ ಕಂಪನಿಯಲ್ಲ, ಕೇಂದ್ರ ಸರಕಾರದ್ದೇ ಆದ ರಾಷ್ಟ್ರೀಯ ಬೀಜ ನಿಗಮ. ಬೀಜಕ್ಕೆ 1966ರ ಬೀಜ ಕಾಯ್ದೆ ಬೇರೆಯೇ ಇದೆ, ರೈತ ಲಾಭಕ್ಕಾಗಿ ಬೆಳೆಯುವುದರಿಂದ ಅವನು ಬಳಕೆದಾರನೇ ಅಲ್ಲ ಎಂದೆಲ್ಲ ನಿಗಮ ವಾದಿಸಿತು. 2012ರ ಜನವರಿಯಲ್ಲಿ ನ್ಯಾಯಾಲಯ ಈ ವಾದಗಳನ್ನು ತಳ್ಳಿಹಾಕಿತು. ಬೀಜ ಕೆಡಬಹುದೆಂದು ಮೊದಲೇ ಊಹಿಸಿ ರೈತ ಒಂದು ಹಿಡಿ ಎತ್ತಿಡಬೇಕೆಂದು ಬಯಸುವುದು ಸರಿಯಲ್ಲ ಎಂದಿತು.

ಎಂಥ ಒಳ್ಳೆಯ ತೀರ್ಪು! ಆದರೆ ಅದು ಅಳವಂಡಿಯ ರೈತನ ಕೈಗೆ ತಲುಪುವುದು ಹೇಗೆ? ಕಾನೂನಿನ ಬಾಗಿಲು ತೆರೆದೇ ಇದೆ ಎನ್ನಿ. 1986ರ ಕಾಯ್ದೆಯ ಜಾಗದಲ್ಲಿ 2019ರ ಕಾಯ್ದೆ ಬಂದು, 2020ರ ಜುಲೈಯಿಂದ ಜಾರಿಯಲ್ಲಿದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಬೇಕೇಬೇಕೆಂದಿಲ್ಲ. ಆದರೂ ಕೊಪ್ಪಳಕ್ಕೆ ಬಸ್ಸಿನಲ್ಲಿ ಹೋಗಿ ಬರುವ ದಿನದ ಕೂಲಿ ಯಾರು ಕೊಡುತ್ತಾರೆ? ಎದುರಾಳಿಯ ವಕೀಲ ವಾಯಿದೆ ಮೇಲೆ ವಾಯಿದೆ ಕೇಳಿದಾಗ? ಕಂಪನಿಗೆ ಈ ಪ್ರಕರಣ ನೂರರಲ್ಲೊಂದು, ರೈತನಿಗೆ ಅದೇ ಬದುಕು. ಕಾಯ್ದೆಯನ್ನು ಬರೆದವರಿಗೂ ಇದು ಹೊಳೆಯದೆ ಇರಲಿಲ್ಲ. ಅದಕ್ಕೇ 1986ರಲ್ಲೇ ಬಳಕೆದಾರರ ಸ್ವಯಂಸೇವಾ ಸಂಘಗಳೂ ದೂರು ಕೊಡಬಹುದೆಂದು ಬರೆದರು. ಕಾನೂನು ಸಂಘವನ್ನು ಕಲ್ಪಿಸಿಕೊಂಡಿತ್ತು. ಜಾಹೀರಾತು ಮಾತ್ರ ಒಂಟಿ ಮನುಷ್ಯನನ್ನು ಕರೆಯುತ್ತಲೇ ಇದೆ.

ಹಾಗೆ ನೋಡಿದರೆ ನಮ್ಮ ನಾಡಿನಲ್ಲಿ ಕಾನೂನಿಗೂ ಮೊದಲೇ ಸಂಘ ಬಂದಿತ್ತು. ಕುಂದಾಪುರದ ಪಕ್ಕದ ಬಸ್ರೂರು, ಒಂದು ಕಾಲದಲ್ಲಿ ಅಕ್ಕಿ ವ್ಯಾಪಾರಕ್ಕೆ ಹೆಸರಾದ ಬಂದರು. ಅಲ್ಲಿ 1980ರಲ್ಲಿ ಡಾ. ರವೀಂದ್ರನಾಥ ಶಾನಭಾಗರು ‘ಬಳಕೆದಾರರ ವೇದಿಕೆ’ ಕಟ್ಟಿದರು. ವೃತ್ತಿಯಿಂದ ಔಷಧಶಾಸ್ತ್ರದ ಅಧ್ಯಾಪಕರು. ಕಾಯ್ದೆ ಬರಲು ಇನ್ನೂ ಆರು ವರ್ಷ ಬಾಕಿಯಿದ್ದಾಗ ಆ ವೇದಿಕೆ ಅಂಚೆ ಕಾಗದವನ್ನೇ ಆಯುಧ ಮಾಡಿಕೊಂಡಿತು. ಅದರ ಬಗ್ಗೆ ನಮಗೆ ಗೌರವವಿದೆ. ಆದರೂ ಒಂದು ಮಾತು ಹೇಳಲೇಬೇಕು. ಇಂಥ ಕೆಲಸವನ್ನು ನಾವು ಒಬ್ಬ ಮಹನೀಯರ ತ್ಯಾಗವೆಂದು ಕೊಂಡಾಡಿ ಸುಮ್ಮನಾಗುತ್ತೇವೆ. ತ್ಯಾಗವನ್ನು ಬಸ್ರೂರಿನಿಂದ ಅಳವಂಡಿಗೆ ಸಾಗಿಸಲಾಗುವುದಿಲ್ಲ. ಹಣದ ಏರ್ಪಾಡನ್ನು ಸಾಗಿಸಬಹುದು.

ಹಣವೆಂದೊಡನೆ ಸರಕಾರದ ಅನುದಾನವನ್ನು ನೆನೆಯುವುದು ನಮ್ಮ ಚಾಳಿ. 1992ರಲ್ಲಿ ನಿಯಮಗಳೊಂದಿಗೆ ರೂಪುಗೊಂಡ ಗ್ರಾಹಕ ಕಲ್ಯಾಣ ನಿಧಿಯ ಮೂಲ ಸ್ವಾರಸ್ಯಕರವಾಗಿದೆ. ಹೆಚ್ಚಾಗಿ ವಸೂಲಾದ ಅಬಕಾರಿ ಸುಂಕವನ್ನು ಕಾರ್ಖಾನೆಗೆ ಹಿಂದಿರುಗಿಸುವಂತಿಲ್ಲ, ಏಕೆಂದರೆ ಅದನ್ನು ಆಗಲೇ ಕೊಂಡವರ ಮೇಲೆ ಹೇರಲಾಗಿದೆ. ಕೊಂಡವರು ಯಾರೆಂದು ಹುಡುಕುವಂತೆಯೂ ಇಲ್ಲ. ಅಂಥ ಹಣ ನಿಧಿಗೆ ಸೇರುತ್ತದೆ. ಅಂದರೆ ಅದು ನಮ್ಮದೇ ದುಡ್ಡು. ಅದಕ್ಕಾಗಿ ಸಂಘಗಳು ಸರಕಾರದ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು. ರಾಷ್ಟ್ರೀಯ ಬೀಜ ನಿಗಮದ ವಿರುದ್ಧ ದೂರು ಬರೆಯುವ ಕೈ, ಅನುದಾನದ ಅರ್ಜಿಗೂ ಸಹಿ ಹಾಕಬೇಕಾದರೆ ಸ್ವಲ್ಪವಾದರೂ ನಡುಗದೆ ಇದ್ದೀತೇ?

ಜನರೇ ಹಣ ಹಾಕಿ ತಮ್ಮ ಪರ ವಾದಿಸುವವರನ್ನು ನೇಮಿಸಿಕೊಳ್ಳುವ ಪ್ರಯೋಗ ಅಮೆರಿಕದಲ್ಲಿ ನಡೆಯಿತು. 1979ರಲ್ಲಿ ವಿಸ್ಕಾನ್ಸಿನ್ ರಾಜ್ಯ, 1983ರಲ್ಲಿ ಇಲಿನಾಯ್ಸ್ ರಾಜ್ಯ ಕಾನೂನು ಮಾಡಿ, ವಿದ್ಯುತ್, ಟೆಲಿಫೋನ್ ಬಳಸುವವರ ಮಂಡಳಿಗಳನ್ನು ಸ್ಥಾಪಿಸಿದವು. ಉಪಾಯ ಬಹಳ ಸರಳ: ಕರೆಂಟ್ ಬಿಲ್ಲಿನ ಲಕೋಟೆಯಲ್ಲೇ ಮಂಡಳಿಯ ಚೀಟಿಯೂ ಇರುತ್ತಿತ್ತು, ಇಷ್ಟವಿದ್ದವರು ಕೆಲವು ಡಾಲರ್ ಚಂದಾ ಕಳಿಸುತ್ತಿದ್ದರು. ಆ ಹಣದಿಂದ ವಕೀಲರು, ಲೆಕ್ಕಪರಿಣತರು ದರ ಏರಿಕೆಯ ವಿಚಾರಣೆಯಲ್ಲಿ ಕಂಪನಿಯ ಎದುರು ಕೂರುತ್ತಾರೆ. ಕಂಪನಿಗಳಿಗೆ ಇದು ಸಹಿಸಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ, ಅಂಚೆ ವೆಚ್ಚ ಹೆಚ್ಚಾಗದ ಹಾಗೆ ಲಕೋಟೆಯಲ್ಲಿ ಉಳಿಯುವ ಜಾಗ ಬಳಕೆದಾರರದ್ದೆಂದು ಅಲ್ಲಿನ ಆಯೋಗ ಹೇಳಿತ್ತು. ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು. ಬೇರೆಯವರ ಮಾತನ್ನು ಹೊರುವಂತೆ ಕಂಪನಿಯನ್ನು ಒತ್ತಾಯಿಸುವುದು ಅದರ ವಾಕ್ ಸ್ವಾತಂತ್ರ್ಯಕ್ಕೆ ಭಂಗ ಎಂದು 1986ರಲ್ಲಿ ಆ ನ್ಯಾಯಾಲಯ ತೀರ್ಪಿತ್ತಿತು. ಒಂದು ಲಕೋಟೆಗಾಗಿ ಇಷ್ಟು ದೊಡ್ಡ ಕಾಳಗ!

ನಮ್ಮಲ್ಲಿ ನ್ಯಾಯ ಇನ್ನೊಂದು ದಿಕ್ಕಿಗೆ ನಡೆದಿದೆ ಎಂಬುದು ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. 1978ರಲ್ಲಿ ಅಹಮದಾಬಾದಿನಲ್ಲಿ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವನ್ನು ಕಟ್ಟಿದ ಪ್ರೊ. ಮನುಭಾಯಿ ಶಾ ಅವರು ಜೀವವಿಮಾ ನಿಗಮದ ಪ್ರೀಮಿಯಂ ಲೆಕ್ಕವನ್ನು ಟೀಕಿಸಿ ಬರೆದರು. ನಿಗಮ ತನ್ನ ಪತ್ರಿಕೆ ‘ಯೋಗಕ್ಷೇಮ’ದಲ್ಲಿ ಅದಕ್ಕೆ ಉತ್ತರ ಅಚ್ಚು ಹಾಕಿತು, ಶಾ ಅವರ ಮರು ಉತ್ತರವನ್ನು ಮಾತ್ರ ಹಾಕಲೊಲ್ಲೆ ಎಂದಿತು. ಸಾರ್ವಜನಿಕರ ಹಣದಿಂದ ನಡೆಯುವ ಸಂಸ್ಥೆ ಹೀಗೆ ಒಂದೇ ಕಡೆಯ ಮಾತು ಕೇಳಿಸುವಂತಿಲ್ಲ ಎಂದು 1992ರಲ್ಲಿ ಸುಪ್ರೀಂ ಕೋರ್ಟ್ ಶಾ ಅವರ ಪರ ತೀರ್ಪು ಕೊಟ್ಟಿತು. ಪತ್ರಿಕೆಯ ಪುಟವೂ ಬಿಲ್ಲಿನ ಚೀಟಿಯೂ ಒಂದೇ ಅಲ್ಲ, ಒಪ್ಪುತ್ತೇವೆ. ಆದರೂ ತತ್ವದ ಎಳೆ ಅಲ್ಲಿದೆ. ಕೊಪ್ಪಳ ಜಿಲ್ಲೆಗೆ ಕರೆಂಟು ಕೊಡುವ ಜೆಸ್ಕಾಂ ಕೂಡ ಸರಕಾರದ ಕಂಪನಿಯೇ. ಮೀಟರ್ ನೋಡಲು ಬಂದವನ ಕೈಯ ಯಂತ್ರದಿಂದ ಹೊರಡುವ ಉದ್ದ ಚೀಟಿಯ ಕೊನೆಯಲ್ಲಿ ಬಳಕೆದಾರರ ಸಂಘವೊಂದರ ಎರಡು ಸಾಲಿಗೆ ಜಾಗವಿಲ್ಲವೇ?

ಆ ಎರಡು ಸಾಲಿನಿಂದ ಏನಾದೀತು ಎನ್ನುವವರು ವಿದ್ಯುತ್ ದರ ನಿಗದಿಯಾಗುವ ರೀತಿಯನ್ನು ನೋಡಬೇಕು. 1999ರಲ್ಲಿ ಸ್ಥಾಪನೆಯಾದ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಕಂಪನಿಗಳ ಅರ್ಜಿ ಪಡೆದು, ಆಕ್ಷೇಪಣೆ ಕರೆದು, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಬಾಗಿಲು ಇಲ್ಲೂ ತೆರೆದಿದೆ. ಆದರೆ ಜೆಸ್ಕಾಂ ಇರುವ ಕಲಬುರಗಿ ಅಳವಂಡಿಯಿಂದ 200 ಕಿಲೋಮೀಟರಿಗೂ ಆಚೆ. ಅರ್ಜಿಯ ತುಂಬ ಕೋಟಿಗಳ ಕೋಷ್ಟಕಗಳು. ಕೈಗಾರಿಕೆಯವರಿಗೆ ಅವರ ಸಂಘಗಳಿವೆ. ಹಿಟ್ಟಿನ ಗಿರಣಿಯವನಿಗೆ, ವೆಲ್ಡಿಂಗ್ ಅಂಗಡಿಯವನಿಗೆ ಯಾರಿದ್ದಾರೆ? 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಹಳಷ್ಟು ಮನೆಗಳ ಬಿಲ್ಲು ಸೊನ್ನೆಯಾಗಿದೆ, ಒಳ್ಳೆಯದೇ ಆಯಿತು. ಆದರೆ ದರ ಸೊನ್ನೆಯಾಗಿಲ್ಲ. ಮನೆಯ ಬಿಲ್ಲನ್ನು ಬೊಕ್ಕಸ ತುಂಬುತ್ತದೆ, ಗಿರಣಿಯ ಬಿಲ್ಲು ಬೀಸುವ ಕೂಲಿಯಲ್ಲಿ ಸೇರಿ ಮನೆಗೇ ಬರುತ್ತದೆ.

ಹಳ್ಳಿಯವರ ಬಳಿ ಇದಕ್ಕೆಲ್ಲ ಹಣವೆಲ್ಲಿದೆ ಎಂಬ ಪ್ರಶ್ನೆಯನ್ನು ನಾವು ಒಪ್ಪುವುದಿಲ್ಲ. ಜಾತ್ರೆಗೆ, ಉರುಸಿಗೆ ಚಂದಾ ಎತ್ತುವುದನ್ನು ನಮ್ಮ ಊರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಭಾಗದ ಮೊಹರಂ ಅಂತೂ ಹಿಂದೂ ಮುಸ್ಲಿಮರು ಸೇರಿಯೇ ಮಾಡುವ ಹಬ್ಬ. ತಾಲೂಕಿನ 10 ಸಾವಿರ ಮನೆಗಳು ವರ್ಷಕ್ಕೆ 50 ರೂಪಾಯಿ ಕೊಟ್ಟರೆ 5 ಲಕ್ಷವಾಗುತ್ತದೆ. ಒಬ್ಬ ಕಿರಿಯ ವಕೀಲ, ಲೆಕ್ಕ ಬಲ್ಲ ಒಬ್ಬ ಹುಡುಗಿ, ಕಲಬುರಗಿಯ ಬಸ್ ಚಾರ್ಜು ಇಷ್ಟಕ್ಕೆ ಅದು ಸಾಕಾದೀತು. ಅಳತೆ ತೂಕದಲ್ಲಿ ಕಡಿತ ಮಾಡುವವರ ಹೆಸರನ್ನೇ ಹೊತ್ತ ಅಧ್ಯಾಯ ಕುರ್‌ಆನಿನಲ್ಲಿದೆ, 83ನೆಯದು. ಹಿಂದಿನ ಮುಸ್ಲಿಂ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ತಾನಾಗಿಯೇ ಪೇಟೆ ಸುತ್ತಿ ತಕ್ಕಡಿ ಪರೀಕ್ಷಿಸುತ್ತಿದ್ದ. ಕೊಂಡವನು ಎದ್ದು ಬಂದು ದೂರಲಿ ಎಂದು ಅವನು ಕಾಯಬೇಕಾಗಿರಲಿಲ್ಲ.

ಎರಡು ಅಂಜಿಕೆಗಳು ನಿಜವಾದವು. ಮೊದಲನೆಯದು, ಗ್ರಾಹಕರ ಹೆಸರಿನ ಬೋರ್ಡು ಹಾಕಿಕೊಂಡು ಚಿಕ್ಕ ಅಂಗಡಿಯವರನ್ನು ಬೆದರಿಸಿ ಹಣ ಕೀಳುವವರದು. ಗಾಡಿಯ ಮೇಲೆ ಹಣ್ಣು ಮಾರುವವನನ್ನು ಹಿಡಿಯುವುದು ಸುಲಭ, ಬೀಜದ ಕಂಪನಿಯನ್ನು ಹಿಡಿಯುವುದು ಕಷ್ಟ. ಆದ್ದರಿಂದ ಸಂಘ ಯಾರ ಮೇಲೆ ಹೋಗಬೇಕೆಂಬುದನ್ನು ಚಂದಾ ಕೊಟ್ಟವರು ಸಭೆ ಸೇರಿ ತೀರ್ಮಾನಿಸಬೇಕು. ಎರಡನೆಯದು ಇನ್ನೂ ಹಸಿಯಾದ ಗಾಯ. 2022ರ ಯುಗಾದಿಯ ಹೊತ್ತಿಗೆ ರಾಜ್ಯದಲ್ಲಿ ಹಲಾಲ್ ಬಹಿಷ್ಕಾರದ ಕರೆ ಕೊಟ್ಟವರೂ, ಜಾತ್ರೆಗಳಲ್ಲಿ ಮುಸ್ಲಿಮರ ಅಂಗಡಿ ಬೇಡವೆಂದವರೂ ಕೊಳ್ಳುವವರ ಆಯ್ಕೆಯ ಮಾತನ್ನೇ ಆಡಿದರು. ಅವರು ಕೇಳಿದ್ದು ಮಾರುವವನ ಹೆಸರನ್ನು. ತೂಕವನ್ನು ಅವರು ಕೇಳಲಿಲ್ಲ. ಅಳವಂಡಿಯಲ್ಲಿ ಇಂಥ ಸಂಘವೊಂದು ಹುಟ್ಟುವುದಾದರೆ ಅದರ ರಸೀದಿ ಪುಸ್ತಕ ಎಲ್ಲ ಓಣಿಗಳಿಗೂ ಹೋಗಬೇಕು, ವರ್ಷದ ಲೆಕ್ಕವನ್ನು ಎಲ್ಲರ ಎದುರು ಗಟ್ಟಿಯಾಗಿ ಓದಬೇಕು. ಬಿತ್ತನೆಗೆ ಮುಂಚೆ ಹೊರಟರೆ ಬೀಜದ ಪಾಕೀಟುಗಳ ಲಾಟ್ ನಂಬರುಗಳನ್ನು ಬರೆದಿಟ್ಟುಕೊಳ್ಳುವುದೇ ಅದರ ಮೊದಲ ಕೆಲಸವಾಗಬಹುದು.