ಎರಡನೇ ಸಲ ಕೂಡುವುದು ಅಷ್ಟು ಸುಲಭವೇ?

ಎಮಿಲಿ ಹೆನ್ರಿಯ ‘ಹ್ಯಾಪಿ ಪ್ಲೇಸ್’ (2023) ಕಾದಂಬರಿಯನ್ನು ಎರಡು ರಾತ್ರಿಗಳಲ್ಲಿ ಓದಿ ಮುಗಿಸಿದೆ. ಮೂರನೆಯ ದಿನ ಅದರ ಮೇಲೆ ಸಿಟ್ಟು ಬಂತು. ಈಗ ಸಿಟ್ಟು ಅರ್ಧ ಇಳಿದಿದೆ. ಉಳಿದರ್ಧಕ್ಕೆ ಕಾರಣ ಹುಡುಕುತ್ತ ಇದನ್ನು ಬರೆಯುತ್ತಿದ್ದೇನೆ. ಕಾದಂಬರಿಯ ಕೊನೆಯನ್ನು ಹೇಳದೆ ಆ ಕಾರಣ ಹೇಳಲಾಗದು. ಹಾಗಾಗಿ ಓದಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಿ, ಓದಿ ಬನ್ನಿ.

ಕಥೆ ಇಷ್ಟು. ಹ್ಯಾರಿಯೆಟ್ ಮತ್ತು ವಿನ್ ಕಾಲೇಜಿನ ದಿನಗಳಿಂದ ಜೊತೆಗಿದ್ದವರು, ಮದುವೆ ನಿಶ್ಚಯವಾದವರು. ಐದು ತಿಂಗಳ ಹಿಂದೆ ಬೇರೆಯಾಗಿದ್ದಾರೆ, ಆದರೆ ಗೆಳೆಯರಿಗೆ ಹೇಳಿಲ್ಲ. ಅಮೆರಿಕದ ಮೇನ್ ರಾಜ್ಯದ ಕಡಲತೀರದಲ್ಲಿ ಅವರೆಲ್ಲ ವರ್ಷಕ್ಕೊಮ್ಮೆ ಸೇರುವ ಮನೆ ಮಾರಾಟಕ್ಕೆ ಬಂದಿದೆ. ಕೊನೆಯ ಸಲ ಒಂದು ವಾರ ಅಲ್ಲಿ ಕೂಡಬೇಕು. ಅದೇ ವಾರ ಗೆಳತಿ ಸಬ್ರಿನಾಗೂ ಪಾರ್ಥ್‌ಗೂ ಮದುವೆ. ಅವರ ಸಂಭ್ರಮ ಕೆಡಿಸಬಾರದೆಂದು ಇವರಿಬ್ಬರೂ ಒಂದೇ ಕೋಣೆಯಲ್ಲಿದ್ದು ಜೋಡಿಯಂತೆ ನಟಿಸುತ್ತಾರೆ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಈ ಕಾದಂಬರಿಯ ನಿಜವಾದ ಪ್ರೇಮಕಥೆ ಗೆಳೆತನದ್ದು. ಒಂದೇ ಮನೆಯಲ್ಲಿ ಅಡುಗೆ ಹಂಚಿಕೊಂಡು ಬದುಕಿದವರು ಬೇರೆ ಬೇರೆ ಊರು ಸೇರುತ್ತಾರೆ. ಮೆಸೇಜುಗಳು ಚಿಕ್ಕದಾಗುತ್ತವೆ, ಕಷ್ಟದ ಸುದ್ದಿ ತಡವಾಗಿ ತಲುಪುತ್ತದೆ. ಯಾರಿಗೂ ಯಾರ ಮೇಲೂ ಕೋಪವಿಲ್ಲ, ಆದರೂ ಏನೋ ಸವೆದಿದೆ. ಪಿ.ಜಿ. ರೂಮಿನ ಗೆಳೆಯರನ್ನು ಮೂರು ಊರುಗಳಿಗೆ ಬೀಳ್ಕೊಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಿನ್ ಪಾತ್ರವೂ ಗಟ್ಟಿಯಾಗಿದೆ. ಅಪ್ಪ ತೀರಿಕೊಂಡ ಮೇಲೆ ಒಳಗೇ ಕುಸಿಯುತ್ತಾನೆ. ಅಮ್ಮನಿಗೆ ಪಾರ್ಕಿನ್ಸನ್ ಕಾಯಿಲೆ. ಹ್ಯಾರಿಯೆಟ್ ಸರ್ಜನ್ ಆಗಲು ಕಲಿಯುತ್ತಿರುವ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಮೊಂಟಾನಾದ ತನ್ನೂರಿಗೆ ಹೋಗುತ್ತಾನೆ. ಮರದ ಕೆಲಸದಲ್ಲಿ ನೆಲೆ ಕಾಣುತ್ತಾನೆ. ಊರಿಗೆ ಮರಳಿದವನನ್ನು ಸೋತವನೆಂದು ತೋರಿಸದಿರುವುದು ನನಗೆ ಹಿಡಿಸಿತು. ಖಿನ್ನತೆಗೆ ಚಿಕಿತ್ಸೆ ಪಡೆದುದನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುವ ನಾಯಕರು ಪ್ರೇಮಕಾದಂಬರಿಗಳಲ್ಲಿ ಇನ್ನೂ ಬೇಕು.

ತಕರಾರು ಹ್ಯಾರಿಯೆಟ್ ವಿಷಯದಲ್ಲಿ. ಕೊನೆಗೆ ಅವಳು ವೈದ್ಯಕೀಯವನ್ನೇ ಬಿಟ್ಟು ಮೊಂಟಾನಾಕ್ಕೆ ಹೋಗಿ ಮಡಕೆ ಮಾಡುವ ಕೆಲಸ ಹಿಡಿಯುತ್ತಾಳೆ. ಅವಳು ಬಿಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅಪ್ಪ ಅಮ್ಮ ಮೆಚ್ಚಲೆಂದು ಆರಿಸಿಕೊಂಡ ಓದು ತನ್ನದಲ್ಲ ಎಂದು ಮೂವತ್ತರ ಅಂಚಿನಲ್ಲಿ ಅರಿವಾಗುವುದು ದೊಡ್ಡ ವಿಷಯ. ಇಷ್ಟವಿಲ್ಲದ ಕೋರ್ಸು ಮುಗಿಸಿ, ಇಷ್ಟವಿಲ್ಲದ ಕೆಲಸದಲ್ಲಿದ್ದು, ಭಾನುವಾರ ಮನೆಗೆ ಫೋನ್ ಮಾಡಿ ‘ಎಲ್ಲ ಆರಾಮ’ ಎನ್ನುವವರು ನಮ್ಮಲ್ಲೂ ಕಡಿಮೆಯೇನಿಲ್ಲ. ಆದರೆ ಆ ಆಸ್ಪತ್ರೆಯನ್ನು ಲೇಖಕಿ ನಮಗೆ ಸರಿಯಾಗಿ ತೋರಿಸುವುದೇ ಇಲ್ಲ. ಅವಳ ದಣಿವಿನ ದಿನಗಳು, ಆಪರೇಷನ್ ಕೋಣೆಯ ಭಯ, ಕೆಲಸ ಬಿಟ್ಟರೆ ಓದಿನ ಸಾಲದ ಗತಿ, ಇವೆಲ್ಲ ಒಂದೆರಡು ಮಾತಿನಲ್ಲಿ ಮುಗಿಯುತ್ತವೆ. ಹಾಗಾಗಿ ಬದುಕಿನ ಅತಿ ದೊಡ್ಡ ನಿರ್ಧಾರ ಪ್ರೇಮಕ್ಕೆ ದಾರಿ ಮಾಡಿಕೊಟ್ಟ ಅನುಕೂಲದಂತೆ ಕಾಣುತ್ತದೆ. ಅವನು ತನ್ನ ಊರಿಗೆ ಮರಳಿದ. ಅವಳು ಹೋದದ್ದು ಕೂಡ ಅವನ ಊರಿಗೇ. ಈ ವ್ಯತ್ಯಾಸವನ್ನು ಕಾದಂಬರಿ ಒಂದು ಗಳಿಗೆಯಾದರೂ ನಿಂತು ನೋಡಬೇಕಿತ್ತು.

ಇನ್ನೊಂದು ಮಾತು. ಜೇನ್ ಆಸ್ಟೆನ್‌ಳ ‘ಪರ್ಸುಯೇಷನ್’ 1817ರ ಕೊನೆಗೆ ಬಂತು. ಬೇರೆಯಾದ ಪ್ರೇಮಿಗಳು ಮತ್ತೆ ಸೇರುವ ಕಥೆಗಳಿಗೆಲ್ಲ ಅದು ಅಜ್ಜಿಯಿದ್ದಂತೆ. ಅಲ್ಲಿ ಆ್ಯನ್ ಮತ್ತು ವೆಂಟ್‌ವರ್ತ್ ಯಾಕೆ ದೂರವಾದರೆಂದು ಇಬ್ಬರಿಗೂ ಗೊತ್ತು: ಅವನ ಕೈಯಲ್ಲಿ ಹಣವಿರಲಿಲ್ಲ, ಅವಳು ಹಿರಿಯರ ಮಾತು ಕೇಳಿದಳು. ಎಂಟು ವರ್ಷಗಳಲ್ಲಿ ಅವನ ಸ್ಥಿತಿ ಬದಲಾಯಿತು, ಅವಳ ಮನಸ್ಸು ಬಲಿಯಿತು. ಇಲ್ಲಿ ಜೋಡಿಯನ್ನು ಬೇರೆ ಮಾಡಿದ್ದು ಹೆಚ್ಚಾಗಿ ಆಡದೇ ಉಳಿದ ಮಾತುಗಳು. ನೂರಾರು ಪುಟಗಳನ್ನು ಓದಿದ ಮೇಲೆ ‘ಒಂದು ಸಲ ಕೂತು ಮಾತಾಡಬಾರದಿತ್ತೇ?’ ಎಂದು ಓದುಗರಿಗೆ ಅನ್ನಿಸಿದರೆ ಅದು ಓದುಗರ ತಪ್ಪಲ್ಲ.

ಆದರೂ ನನ್ನ ಸಿಟ್ಟು ಅರ್ಧ ಇಳಿದದ್ದು ಇಲ್ಲೇ. ಪ್ರೀತಿ ಇರುವ ಕಡೆಯೇ ಮಾತು ಸಿಕ್ಕಿಕೊಳ್ಳುತ್ತದೆ. ‘ನನ್ನಿಂದ ಅವರಿಗೆ ತೊಂದರೆ ಬೇಡ’ ಎಂದು ಇಬ್ಬರೂ ಸುಮ್ಮನಾಗುವುದು ನಾಟಕೀಯ ಅನ್ನಿಸಿದರೂ ಸುಳ್ಳಲ್ಲ. ಕಾದಂಬರಿಯ ಮುಕ್ತಾಯವನ್ನು ನಾನು ಒಪ್ಪಲಿಲ್ಲ. ಪುಸ್ತಕ ಮುಚ್ಚಿದ ಮೇಲೆ ಮಾತ್ರ ತಿಂಗಳುಗಳಿಂದ ಮಾತಾಡದ ಗೆಳತಿಯೊಬ್ಬಳಿಗೆ ಫೋನ್ ಮಾಡಿದೆ. ‘ಹೇಗಿದ್ದೀಯ?’ ಅಂದಳು. ಈ ಸಲ ‘ಆರಾಮ’ ಅನ್ನಲಿಲ್ಲ.